ಸುಣ್ಣ ನಿಲ್ಲದ ಗೋರಿ

ಸ್ಲೇಟು ಗಣಿಯ ಊರು ಲಾನ್‌ಗ್ವೆರಿಯಲ್ಲಿ ಬದುಕಿರುವಾಗ ಚಾಪೆಲ್, ಸತ್ತ ಮೇಲೆ ಚರ್ಚು. ಹಾಡು, ಪ್ರಾರ್ಥನೆ, ಜಗಳ, ಮದುವೆ ಮಾತು, ಎಲ್ಲವೂ ಊರವರೇ ಕಲ್ಲು ಹೊತ್ತು ಕಟ್ಟಿಕೊಂಡ ಚಾಪೆಲ್ ಎಂಬ ಪ್ರಾರ್ಥನಾಮಂದಿರದಲ್ಲಿ. ಆದರೆ ಹೂಳುವುದಕ್ಕೆ ಮಣ್ಣು ಇದ್ದದ್ದು ಗ್ವೆರಿ ಸಂತನ ಚರ್ಚಿನ ಸುತ್ತ ಮಾತ್ರ. ಸಂತ ಯಾವುದೋ ಕಾಲದಲ್ಲಿ ಕಣಿವೆಗೆ ಬಂದು, ಕೋಲಿನಿಂದ ನೆಲದ ಮೇಲೆ ದುಂಡಗೆ ಒಂದು ಗೆರೆ ಎಳೆದು, ಇದರೊಳಗೆ ಬಂದವರನ್ನು ಯಾರೂ ಹೊರಗೆ ಹಾಕುವಂತಿಲ್ಲ ಎಂದನಂತೆ. ಆ ಗೆರೆಯ ಮೇಲೆಯೇ ಈಗ ಗೋರಿಯಂಗಳದ ಗೋಡೆ ನಿಂತಿದೆ. ಗೋಡೆಗಿಂತ ಹಳೆಯದು ಒಳಗಿನ ಯೂ ಮರ. ಎಲ್ಲಕ್ಕಿಂತ ಹೊಸದು ಚರ್ಚಿನ ಮಾಡು. ಅದನ್ನು ಗಣಿಯ ಧಣಿ ಹೊದಿಸಿಕೊಟ್ಟು, ಒಳಗೆ ಹಿತ್ತಾಳೆಯ ಫಲಕದಲ್ಲಿ ತನ್ನ ಹೆಸರು ಕೆತ್ತಿಸಿಕೊಂಡಿದ್ದಾನೆ. ಆ ಮಾಡಿನ ಸ್ಲೇಟನ್ನು ಬಂಡೆಯಿಂದ ಬಿಡಿಸಿ, ಸೀಳಿ, ದೂಳು ನುಂಗಿ ಸತ್ತವರ ಹೆಸರು ಒಳಗೆಲ್ಲೂ ಇಲ್ಲ. ಅವರೆಲ್ಲ ಹೊರಗೆ ಮಲಗಿದ್ದಾರೆ, ಮಳೆಯಲ್ಲಿ.

ವರ್ಷಕ್ಕೊಮ್ಮೆ ಮಾತ್ರ ಅವರ ಸರದಿ. ಈಸ್ಟರಿನ ಹಿಂದಿನ ಭಾನುವಾರವನ್ನು ಊರು ಹೂವಿನ ಭಾನುವಾರ ಎಂದು ಕರೆಯುತ್ತದೆ. ಆ ವಾರ ಪ್ರತಿ ಮನೆಯವರೂ ತಮ್ಮ ಸತ್ತವರ ಗೋರಿಯ ಪಾಚಿ ಕೆರೆದು, ಕಲ್ಲಿಗೂ ಅಂಚುಕಟ್ಟಿಗೂ ಸುಣ್ಣ ಬಳಿದು, ಭಾನುವಾರ ಬೆಳಿಗ್ಗೆ ಹಳದಿ ಡ್ಯಾಫೊಡಿಲ್ ಹೂ ಇಡಬೇಕು. ಇಡದವರನ್ನು ಊರು ಮರೆಯುವುದಿಲ್ಲ. ಹೊಟ್ಟೆಗಿಲ್ಲದಿದ್ದರೂ ಗೋರಿಗೆ ಸುಣ್ಣ ಇರಬೇಕು.

ಆ ವರ್ಷ ಇಥೆಲ್ ತನ್ನ ಅಪ್ಪನ ಗೋರಿಗೆ ಬಳಿದ ಸುಣ್ಣ ನಿಲ್ಲಲಿಲ್ಲ.

ಗುರುವಾರ ಸಂಜೆ ಗಣಿಯಿಂದ ಬಂದವನೇ ದಪ್ಪಗೆ ಎರಡು ಸಲ ಬಳಿದಿದ್ದ. ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಗೋಡೆಯಾಚೆಯಿಂದ ಕಣ್ಣು ಹಾಯಿಸಿದರೆ, ಅಪ್ಪನ ಕಲ್ಲು ಬರಿದಾಗಿ, ಬೂದು ಬಣ್ಣಕ್ಕೆ ತಿರುಗಿ ನಿಂತಿತ್ತು. ಮಳೆ ಬಂದಿರಲಿಲ್ಲ. ಅಕ್ಕಪಕ್ಕದ ಕಲ್ಲುಗಳು ಹಾಲಿನಲ್ಲಿ ಅದ್ದಿದ ಹಾಗೆ ಬೆಳ್ಳಗಿದ್ದವು. ಇಷ್ಟೇ ಆಗಿದ್ದರೆ ಕೆಟ್ಟ ಸುಣ್ಣ ಎಂದುಕೊಳ್ಳಬಹುದಿತ್ತು. ಆದರೆ ನಾಲ್ಕು ಗೋರಿಗಳಾಚೆ, ಗೋಡೆಯ ಮೂಲೆಯಲ್ಲಿ, ಯಾರೂ ಯಾವತ್ತೂ ಸುಣ್ಣ ಮುಟ್ಟಿಸದ ಒಂದು ಕಲ್ಲು ತಲೆಯಿಂದ ಬುಡದವರೆಗೆ ಬೆಳ್ಳಗಾಗಿತ್ತು.

ಅದು ದ್ರೋಹಿಯ ಕಲ್ಲು.

ದ್ರೋಹಿಯ ಹೆಸರು ಐಡ್ವಲ್. ಒಂದು ಕಾಲದಲ್ಲಿ ಅವನೂ ಇಥೆಲ್‌ನ ಅಪ್ಪ ಗ್ವಿಲಿಮ್ಮನೂ ಗಣಿಯಲ್ಲಿ ಜೊತೆಗಾರರು. ಒಬ್ಬ ತೊಡೆಗೆ ಹಗ್ಗ ಸುತ್ತಿಕೊಂಡು ಬಂಡೆಯ ಮುಖಕ್ಕೆ ಇಳಿದರೆ ಇನ್ನೊಬ್ಬ ಮೇಲೆ ಹಗ್ಗ ಕಾಯುವವನು. ಆಮೇಲೆ ಮುಷ್ಕರ ಬಂತು. ಧಣಿ ಗಣಿಗೆ ಬೀಗ ಹಾಕಿದ. ವರ್ಷಗಟ್ಟಲೆ ಊರು ಉಪವಾಸ ಬಿತ್ತು. ಗ್ವಿಲಿಮ್ ತಲೆ ತಗ್ಗಿಸದೆ ದಕ್ಷಿಣದ ಕಲ್ಲಿದ್ದಲ ಗುಂಡಿಗೆ ಕೂಲಿಗೆ ಹೋದ. ಮುಷ್ಕರ ಮುರಿದು ಬಂದವರಿಗೆ ಮಾತ್ರ ಧಣಿ ಗಣಿ ತೆರೆದಾಗ, ಐಡ್ವಲ್ ತಲೆ ತಗ್ಗಿಸಿ ಅವನ ಬಾಗಿಲಿಗೆ ಹೋದ. ಮೂರನೆಯ ಚಳಿಗಾಲದ ಒಂದೇ ವಾರದಲ್ಲಿ ಇಬ್ಬರೂ ಸತ್ತರು. ಗ್ವಿಲಿಮ್ಮನ ಮೇಲೆ ಕಲ್ಲಿದ್ದಲ ಗುಂಡಿಯ ಸೂರು ಬಿತ್ತು. ಐಡ್ವಲ್ಲನ ಮೇಲೆ ಇಲ್ಲಿಯದೇ ಬಂಡೆ ಬಿದ್ದು, ಸಮುದ್ರದಂಚಿನ ಪಟ್ಟಣದ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಐಡ್ವಲ್ಲನ ಗೋರಿಗೆ ಧಣಿಯೇ ನುಣುಪಾದ ಕಲ್ಲು ನಿಲ್ಲಿಸಿ, 'ನಂಬಿಕೆಯ ಆಳು' ಎಂದು ಕೆತ್ತಿಸಿದ. ಊರ ಮಕ್ಕಳು ಅದಕ್ಕೆ ಕಲ್ಲು ಹೊಡೆದು ಗುರಿ ಕಲಿತರು. ಪ್ರತಿ ವರ್ಷ ಅಪ್ಪನ ಗೋರಿಗೆ ಸುಣ್ಣ ಬಳಿದಾದ ಮೇಲೆ ಬಕೆಟ್ಟು ತೊಳೆದ ಕೊಳಕು ನೀರನ್ನು ಅದರ ಮೇಲೆ ಚೆಲ್ಲಿ ಹೋಗುವುದು ಇಥೆಲ್‌ನ ವಾಡಿಕೆ.

ಅಂಥ ಕಲ್ಲು ಈಗ ಮದುವಣಗಿತ್ತಿಯ ಹಾಗೆ ನಿಂತಿತ್ತು.

"ನಿಮ್ಮಪ್ಪನ ಕಲ್ಲು ಬೋಳಾಗೈತಲ್ಲೋ," ಅಂದ ಗಣಿಯ ಹಾದಿಯಲ್ಲಿ ತುದುರ್. ತುದುರ್ ಅವನ ಚಿಕ್ಕಪ್ಪ, ಚಾಪೆಲ್ಲಿನ ಹಿರಿಯ, ಮಾತನ್ನು ಮೊಳೆ ಹೊಡೆದ ಹಾಗೆ ಆಡುವವನು. "ಭಾನುವಾರ ಊರೆಲ್ಲ ಬರತ್ತೆ. ನಮ್ಮ ವಂಶದ ಗೋರಿ ಬೋಳು, ಆ ನಾಯಿ ಗೋರಿ ಬಿಳಿ. ಯಾರಾದ್ರೂ ನೋಡಿದ್ರೆ ಏನಂದಾರು?"

"ಯಾರೋ ಕಿಡಿಗೇಡಿ ಕೆಲಸ ಚಿಕ್ಕಪ್ಪ."

"ಯಾರೋ ಯಾಕೆ ಆಗ್ತಾರೆ? ಅವನ ಹೆಂಡ್ತಿ ಬದುಕಿಲ್ವಾ, ಮೇಲಿನ ತೋಪಿನ ಹತ್ರ? ಅವಳೇ. ಹೋಗಿ ಕೇಳೋ ಹಾಗೂ ಇಲ್ಲ, ಹಾಳಾದ್ದು."

ಕೇಳುವ ಹಾಗಿರಲಿಲ್ಲ, ನಿಜ. ಮುಷ್ಕರದ ಕಾಲದಲ್ಲಿ ದ್ರೋಹಿಗಳ ಮನೆಯವರೊಂದಿಗೆ ಮಾತಾಡುವುದಿಲ್ಲ ಎಂದು ಊರು ಚಾಪೆಲ್ಲಿನಲ್ಲಿ ನಿಂತು ಆಣೆ ಮಾಡಿತ್ತು. ಮುಷ್ಕರ ಸೋತು ಮುಗಿದು ಹತ್ತು ವರ್ಷವಾದರೂ ಆಣೆ ಮುಗಿದಿರಲಿಲ್ಲ. ಸೋತವರಿಗೆ ಉಳಿದದ್ದು ಅದೊಂದೇ. ಐಡ್ವಲ್ಲನ ಹೆಂಡತಿ ಮಾಲೆನ್ ಬೀದಿಯಲ್ಲಿ ಬಂದರೆ ಜನ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅಂಗಡಿಯವನು ಕೂಡ ಸಾಮಾನನ್ನು ಕಟ್ಟೆಯ ಮೇಲಿಟ್ಟು ಬೆನ್ನು ತಿರುಗಿಸುತ್ತಿದ್ದ.

ಸಂಜೆ ಮನೆಗೆ ಬಂದಾಗ ಅವ್ವ ಲೌರಿ ಒಲೆಯ ಪಕ್ಕದ ಮಂಚದಲ್ಲಿ ಬಾಗಿಲ ಕಡೆಗೆ ಹೊರಳಿ ಮಲಗಿದ್ದಳು. ಎದೆಯ ನೀರು ಗಂಟಲವರೆಗೆ ಏರಿತ್ತು. ಈಸ್ಟರ್ ಕಾಣುವುದಿಲ್ಲ ಎಂದು ವೈದ್ಯ ಹೇಳಿಹೋಗಿದ್ದ. ಇಥೆಲ್ ಓಟ್ಸಿನ ರೊಟ್ಟಿಯನ್ನು ಪುಡಿಮಾಡಿ ಮಜ್ಜಿಗೆಯಲ್ಲಿ ಕಲಸಿ ಬಾಯಿಗಿಟ್ಟ. ಎರಡು ಚಮಚ ನುಂಗಿದಳು.

"ಸುಣ್ಣ ಆಯ್ತೇನಪ್ಪಾ?"

"ಆಯ್ತವ್ವ."

"ನನ್ನನ್ನ ಅವರ ಪಕ್ಕದಲ್ಲೇ ಮಲಗಿಸ್ಬೇಕು. ಅವರನ್ನ ಮಣ್ಣು ಮಾಡೋವಾಗ್ಲೂ ನಾನು ನೋಡ್ಲಿಲ್ಲ. ಗಂಡಸರಷ್ಟೇ ಹೋಗ್ಬೇಕಂತೆ. ಇಲ್ಲೇ ಕೂತಿದ್ದೆ. ಮಾತು ಕೊಡು."

"ಕೊಟ್ಟೆ. ಇನ್ನೆಲ್ಲಿ ಮಲಗಿಸ್ಲಿ ನಿನ್ನ?"

ಅವ್ವ ಬಾಗಿಲನ್ನೇ ನೋಡುತ್ತ, ನೆರೆಮನೆಯವರ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು: "ದಿನಾ ಬರ್ತಾರೆ, ನಿಮ್ಮಪ್ಪ. ದೀಪ ಹಚ್ಚೋ ಹೊತ್ತಿಗೆ. ಹೊಸಿಲ ಹತ್ರ ನಿಲ್ತಾರೆ. ಆದ್ರೆ ಬೆನ್ನು ತೋರಿಸ್ಕೊಂಡು ನಿಲ್ತಾರೆ ಕಣೋ. ಹೆಗಲ ಮೇಲೆಲ್ಲ ಹಿಮ. ಇತ್ಲಾಗಿ ತಿರುಗ್ರೀ ಅಂತೀನಿ. ತಿರುಗಲ್ಲ. ನಿನ್ನ ಮೇಲೆ ಏನಾದ್ರೂ ಸಿಟ್ಟಾ?"

"ಜ್ವರ ಅವ್ವ ಅದು," ಅಂದ ಇಥೆಲ್. ಹೊಸಿಲ ಹತ್ತಿರ, ಒಣ ನೆಲದ ಮೇಲೆ, ಅಂಗೈಯಗಲ ಒದ್ದೆ ಇತ್ತು.

ಶನಿವಾರ ಮಧ್ಯಾಹ್ನ ಗಣಿ ಬೇಗ ಬಿಟ್ಟಿತು. ಅವನು ಮತ್ತೆ ಸುಣ್ಣ ಕಲಸಿದ. ಈ ಸಲ ಬಳಿದು ಅಲ್ಲೇ ಕೂತ, ಕಳ್ಳನನ್ನು ಕೈಯಾರೆ ಹಿಡಿಯೋಣ ಎಂದು. ಬಿಸಿಲಿತ್ತು. ಹೆಂಗಸರು ಅಲ್ಲಲ್ಲಿ ಪಾಚಿ ಕೆರೆಯುತ್ತಿದ್ದರು. ಅಪ್ಪನ ಕಲ್ಲಿನ ಮೇಲೆ ಸುಣ್ಣ ಒಣಗಿ, ಬೆಳ್ಳಗೆ, ಗಟ್ಟಿಯಾಗಿ ಕೂತಿತು. ಅವನು ಕಣ್ಣು ಕೀಳದೆ ನೋಡಿದ. ಏನೂ ಆಗಲಿಲ್ಲ. ಹಿಂದಿನಿಂದ ಯಾರೋ ಕರೆದ ಹಾಗಾಗಿ ಒಂದು ಗಳಿಗೆ ಬೆನ್ನು ತಿರುಗಿಸಿದ. ಯಾರೂ ಇರಲಿಲ್ಲ. ಮತ್ತೆ ಇತ್ತ ನೋಡಿದಾಗ ಕಲ್ಲು ಬೋಳು.

ಒರೆಸಿದ ಗುರುತಿಲ್ಲ, ಉದುರಿದ ಪುಡಿಯಿಲ್ಲ. ಮುಟ್ಟಿದರೆ ಸುಣ್ಣವನ್ನೇ ಕಾಣದ ಕಲ್ಲಿನಂತೆ ತಣ್ಣಗಿತ್ತು. ಮೂಲೆಯಲ್ಲಿ ಐಡ್ವಲ್ಲನ ಕಲ್ಲಿನಿಂದ ಹಸಿ ಸುಣ್ಣ ತೊಟ್ಟಿಕ್ಕುತ್ತಿತ್ತು. ಅವನು ಇನ್ನೊಮ್ಮೆ ಬಳಿದ. ಎದುರಿಗೆ ನಿಂತರೆ ನಿಂತಿತು. ಬೆನ್ನು ತಿರುಗಿಸಿದ, ಹೋಯಿತು. ಬಿಸಿಲಿನಲ್ಲಿ, ಜನರ ನಡುವೆ, ಅವನು ಹೆದರಿದ. ಹೆದರಿಕೆಯನ್ನು ಅವನು ಸಿಟ್ಟು ಮಾಡಿಕೊಂಡ. ಬೇರೇನೂ ಅವನಿಗೆ ಯಾರೂ ಕಲಿಸಿರಲಿಲ್ಲ. ಬಕೆಟ್ಟನ್ನು ಅಲ್ಲೇ ಒದ್ದು ಮೇಲಿನ ತೋಪಿನ ದಾರಿ ಹಿಡಿದ.

ಮಾಲೆನ್ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಸಣ್ಣಗೆ, ನೆಟ್ಟಗೆ, ಒಣಗಿದ ಕಡ್ಡಿಯಂತಿದ್ದಳು. ಅವನು ಬೇಲಿಯ ಹೊರಗೆ ನಿಂತ. ಅಲ್ಲಿಂದಲೇ ಆಣೆ ಮುರಿದ.

"ಏನ್ ಮಾಟ ಮಾಡ್ತಿದ್ದೀಯ ನಮ್ಮಪ್ಪನ ಗೋರಿಗೆ?"

ಅವಳು ತಿರುಗಲಿಲ್ಲ. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ನಿಧಾನವಾಗಿ ಒದರಿ, ಹಗ್ಗಕ್ಕೆ ಹಾಕಿ, ಚಿಮಟಿ ಸಿಕ್ಕಿಸಿದಳು. ಆಮೇಲೆ ನಗತೊಡಗಿದಳು. ಬಹಳ ಕಾಲದಿಂದ ಬಳಸದ ಬಾವಿಯ ರಾಟೆಯ ಸದ್ದು.

"ಊರಿಗೆ ಬಾಯಿ ಬಂತು! ಹತ್ತು ವರ್ಷ ಆದ್ಮೇಲೆ ಊರಿಗೆ ಬಾಯಿ ಬಂತು! ಬಾ, ಒಳಗ್ ಬಾರೋ. ನಿಂತ್ಕೊಂಡೇ ಕೇಳ್ತೀಯಾ? ಕೇಳು. ನಿಮ್ಮಪ್ಪನ ಗೋರೀನ ನಾನು ಮುಟ್ಟಿಲ್ಲ. ನನ್ನ ಗಂಡನ ಗೋರೀಗೂ ಸುಣ್ಣ ಹಾಕಿಲ್ಲ. ಯಾಕೆ ಹಾಕ್ಲಿ? ಅದಕ್ಕೆ ವರ್ಷಾ ವರ್ಷಾ ನೀನೇ ಹಾಕ್ತೀಯಲ್ಲ."

"ಏನಂದೆ?"

"ನನ್ನ ಗಂಡನಿಗೆ ಊರೇ ಹೂ ಇಡತ್ತೆ ಅಂದೆ. ಎಂಥಾ ಮರ್ಯಾದೆ! ಆ ಮೂಲೇಲಿ 'ನಂಬಿಕೆಯ ಆಳು' ಅಂತ ಮಲಗಿರೋನು ನಿಮ್ಮಪ್ಪ ಕಣೋ. ನೀನು ಕೊಳಕು ನೀರು ಹುಯ್ಯೋದು ನಿಮ್ಮಪ್ಪನ ಎದೆ ಮೇಲೆ."

ಇಥೆಲ್ ಬೇಲಿಯ ಗೂಟ ಹಿಡಿದುಕೊಂಡ. ಅವಳು ಹತ್ತಿರ ಬಂದಳು. ಈಗ ನಗುತ್ತಿರಲಿಲ್ಲ.

"ಎರಡು ಪೆಟ್ಟಿಗೇನೂ ಒಂದೇ ರೈಲಲ್ಲಿ ಬಂದ್ವು, ನೆನಪಿದ್ಯಾ? ಮೊಳೆ ಹೊಡೆದ ಒಂದೇ ಥರದ ಅಗ್ಗದ ಪೆಟ್ಟಿಗೆ. ಹೆಸರು ಸೀಮೆಸುಣ್ಣದಲ್ಲಿ ಬರೆದಿದ್ರಂತೆ. ಅಂಥಾ ಹಿಮದಲ್ಲಿ ಸೀಮೆಸುಣ್ಣ ಉಳಿಯತ್ತಾ? ನಿಮ್ಮೋರು ಹತ್ರ ಬಂದು ನೋಡಿದ್ರೆ ಗೊತ್ತಾಗ್ತಿತ್ತು. ಬರ್ಲಿಲ್ಲ. ದ್ರೋಹಿ ಪೆಟ್ಟಿಗೆ ಕಡೆ ಕಣ್ಣು ಹಾಕಿದ್ರೂ ಮೈಲಿಗೆ ನೋಡು. ಧಣಿ ಕಳಿಸಿದ ಕೂಲಿಯೋರು ಒಂದನ್ನ ಎತ್ಕೊಂಡ್ರು. ಉಳಿದದ್ದು ನಮ್ದು ಅಂತ ನೀವು ಎತ್ಕೊಂಡ್ರಿ."

"ನಿನಗೆ ಹೇಗೆ ಗೊತ್ತು?"

"ಆ ಮೊದಲನೇ ಪೆಟ್ಟಿಗೆ ಹಿಂದೆ ನಾನೊಬ್ಳೇ ನಡೆದೆ. ಹೆಂಗಸರು ಬರಬಾರದು, ಆದ್ರೆ ನನ್ನ ಗಂಡನ ಹಿಂದೆ ಬರೋಕೆ ಯಾವ ಗಂಡಸಿದ್ದ? ಗುಂಡಿ ಹತ್ರ, ಅವನ ತಂಬಾಕಿನ ಪೈಪು ಒಳಗಿಡ್ಬೇಕು ಮುಚ್ಚಳ ಎತ್ತು ಅಂತ ಗುಂಡಿ ತೋಡೋ ಮುದುಕ ಹಮ್ಫ್ರನ್ನ ಬೇಡಿಕೊಂಡೆ. ಗುದ್ದಲಿ ಹಾಕಿ ಎತ್ತಿದ. ಒಳಗೆ ಗ್ವಿಲಿಮ್. ಕಲ್ಲಿದ್ದಲ ಮಸಿ ಇನ್ನೂ ಕಣ್ರೆಪ್ಪೆ ಮೇಲಿತ್ತು. ಹಮ್ಫ್ರ ಹೆದರಿ ದಪ್ ಅಂತ ಮುಚ್ಚಿದ. ನಾನು ತಿರುಗಿ ನೋಡಿದೆ. ಗೋಡೆಯುದ್ದಕ್ಕೂ ಕರೀ ಕೋಟುಗಳು. ಇಡೀ ಊರಿನ ಬೆನ್ನು. ಅದರಲ್ಲಿ ಒಂದು ಸಣ್ಣ ಬೆನ್ನು ಇತ್ತು. ನಿಂದು."

ಇಥೆಲ್‌ಗೆ ಗೊತ್ತಿತ್ತು ಅವಳು ಮುಂದೆ ಏನು ಹೇಳುತ್ತಾಳೆ ಎಂದು. ಆ ದಿನ ಹಿಮದಲ್ಲಿ ನಿಂತಾಗ ಹಿಂದಿನಿಂದ ಒಂದು ಹೆಣ್ಣುದನಿ ಅವನ ಹೆಸರು ಹಿಡಿದು ಚೀರಿತ್ತು. ಅವನು ತಿರುಗಿರಲಿಲ್ಲ. ಪಕ್ಕದಲ್ಲಿದ್ದ ತುದುರ್ ಚಿಕ್ಕಪ್ಪ ಅವನ ಭುಜ ಒತ್ತಿ, ಭೇಷ್ ಅಂದಿದ್ದ. ಆ ಒಂದು ಭೇಷನ್ನು ಅವನು ಹತ್ತು ವರ್ಷ ಎದೆಯ ಮೇಲೆ ಪದಕದ ಹಾಗೆ ಹೊತ್ತಿದ್ದ.

"ಕೂಗಿದೆ ಕಣೋ," ಅಂದಳು ಮಾಲೆನ್. "ಇಥೆಲ್, ಇದು ನಿಮ್ಮಪ್ಪ, ತಿರುಗೋ ಅಂತ. ಅಷ್ಟರಲ್ಲಿ ಎರಡನೇ ಪೆಟ್ಟಿಗೆ ಬಂತು, ನೀವೆಲ್ಲ ಹಾಡೋಕೆ ಶುರು ಮಾಡಿದ್ರಿ. ಅಷ್ಟು ಗಂಡಸರು ಹಾಡೋವಾಗ ಒಬ್ಬಳ ಕೂಗು ಯಾರಿಗೆ ಕೇಳಿಸತ್ತೆ? ನನ್ನ ಗಂಡನ್ನ ಎಷ್ಟು ಚಂದ ಹಾಡಿ ಕಳಿಸಿದ್ರಿ ಅಂತೀಯಾ! ಗೋಡೆ ಹೊರಗೆ ನಿಂತು ಕೇಳಿದೆ. ಹಮ್ಫ್ರ ಆ ವಸಂತದಲ್ಲೇ ಸತ್ತ. ಆಮೇಲೆ ಯಾರಿಗೆ ಹೇಳ್ಲಿ? ಗೋಡೆಗೆ ಹೇಳ್ಲಾ?"

ಇಥೆಲ್ ಗೂಟದಿಂದ ಕೈ ತೆಗೆದ.

"ಅವ್ವ ಸಾಯ್ತಿದ್ದಾಳೆ," ಅಂದ ಇಥೆಲ್. "ಅಪ್ಪನ ಪಕ್ಕ ಮಲಗಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಹಾಗಾದ್ರೆ ಮೂಲೇಲಿ ತೋಡು. ನನ್ನ ಹೆಸರಿನ ಜಾಗ ಅದು, ನಾನು ಬಿಟ್ಟುಕೊಡ್ತೀನಿ, ಪಾದ್ರಿಗೆ ಹೇಳ್ತೀನಿ. ಆದ್ರೆ ಊರು ನಿನಗೇನು ಮಾಡತ್ತೆ ಅಂತ ನನ್ನನ್ನ ಕೇಳ್ಬೇಡ. ನೋಡ್ಕೋ, ನನ್ನ ಮನೇನ."

ಇಥೆಲ್ ನೇರ ತುದುರ್ ಚಿಕ್ಕಪ್ಪನ ಮನೆಗೆ ಹೋದ. ಚಿಕ್ಕಪ್ಪ ಭಾನುವಾರದ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಎಲ್ಲ ಕೇಳುವವರೆಗೂ ಬ್ರಷ್ಷು ನಿಲ್ಲಿಸಲಿಲ್ಲ.

"ಅವಳ ಹತ್ರ ಮಾತಾಡಿದ್ಯಾ?"

"ಚಿಕ್ಕಪ್ಪ, ಅಲ್ಲಿ ಮಲಗಿರೋದು ನಿನ್ನ ಅಣ್ಣ."

"ಅವಳ ಹತ್ರ ಮಾತಾಡಿದ್ಯಾ ಅಂತ ಕೇಳ್ದೆ."

"ಮಾತಾಡ್ದೆ!"

ತುದುರ್ ಬೂಟನ್ನು ಕೆಳಗಿಟ್ಟ. ಅವನ ಮುಖದಲ್ಲಿ ಅಚ್ಚರಿಯಿರಲಿಲ್ಲ. ಅದೇ ಇಥೆಲ್‌ಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. "ಪೆಟ್ಟಿಗೆ ಹಗುರ ಇತ್ತು," ಅಂದ ಚಿಕ್ಕಪ್ಪ ಮೆಲ್ಲಗೆ. "ಗ್ವಿಲಿಮ್ ದಪ್ಪ ಆಳು. ಗುಂಡಿಗೆ ಇಳಿಸೋವಾಗ ಹಗುರ ಅನ್ನಿಸ್ತು. ಉಪವಾಸ ಬಿದ್ದು ಇಳಿದಿರ್ಬೇಕು ಅಂದ್ಕೊಂಡೆ. ಅಂದ್ಕೋಬೇಕಾಗಿತ್ತು. ಈಗ ನೀನು ಹೋಗಿ ಊರಿಗೆ ಏನಂತ ಹೇಳ್ತೀಯ? ನೀವೆಲ್ಲ ದ್ರೋಹಿಗೆ ಹಾಡಿದ್ರಿ, ನಿಮ್ಮ ಒಳ್ಳೇ ಗಂಡಸಿಗೆ ಬೆನ್ನು ತೋರಿಸಿದ್ರಿ ಅಂತಲಾ? ಈ ಊರು ಮುಷ್ಕರ ಸೋತಿತು, ಕೂಲಿ ಹೋಯ್ತು, ಮಕ್ಕಳು ಹೋದ್ವು. ಆ ದಿನ ಒಂದು ಉಳಿದಿದೆ. ಅದನ್ನ ಕಿತ್ಕೋತೀಯಾ?"

"ಅವ್ವನ್ನ ಐಡ್ವಲ್ ಪಕ್ಕ ಮಲಗಿಸ್ಲಾ ಹಾಗಾದ್ರೆ?"

"ಕಲ್ಲಿನ ಮೇಲೆ ನಿಮ್ಮಪ್ಪನ ಹೆಸರಿದೆ. ಸತ್ತೋರು ಓದೋಕೆ ಏಳಲ್ಲ. ಬದುಕಿರೋರು ಓದ್ತಾರೆ. ನಾಳೆ ನೀನು ಆ ಮೂಲೆಗೆ ಹೂ ತಗೊಂಡು ಹೋದ್ರೆ, ಇಥೆಲ್, ನಾನು ನಿನಗೆ ಚಿಕ್ಕಪ್ಪ ಅಲ್ಲ. ನಿಮ್ಮವ್ವನ ಹೆಣಕ್ಕೂ ಹೆಗಲು ಸಿಗಲ್ಲ."

ಭಾನುವಾರ ಬೆಳಿಗ್ಗೆ ಗೋರಿಯಂಗಳ ಹಳದಿಯಾಗಿತ್ತು. ಊರಿಗೆ ಊರೇ ಕರಿ ಬಟ್ಟೆಯಲ್ಲಿ, ಕೈತುಂಬ ಡ್ಯಾಫೊಡಿಲ್ ಹಿಡಿದು ಬಂದಿತ್ತು. ಗ್ವಿಲಿಮ್ ಎಂಬ ಹೆಸರಿದ್ದ ಬೋಳು ಕಲ್ಲಿನ ಮುಂದೆ ತುದುರ್ ಕಾಯುತ್ತ ನಿಂತಿದ್ದ. ಇಥೆಲ್ ಹೂ ಹಿಡಿದು ದಿಡ್ಡಿ ಬಾಗಿಲು ದಾಟಿದ, ಅವನ ಮುಂದೆ ಹಾದ, ಮೂಲೆಗೆ ನಡೆದ. ಮಾತುಗಳು ಒಂದೊಂದಾಗಿ ಆರಿದವು. ಬೆಳ್ಳಗೆ ಹೊಳೆಯುತ್ತಿದ್ದ ಆ ಕಲ್ಲಿನ ಬುಡದಲ್ಲಿ ಅವನು ಮಂಡಿಯೂರಿ ಹೂವಿಟ್ಟ. ಗಟ್ಟಿಯಾಗಿ ಹೇಳಿದ:

"ಇದು ನಮ್ಮಪ್ಪ, ಗ್ವಿಲಿಮ್. ಅವತ್ತು ನೀವು ಬೆನ್ನು ತಿರುಗಿಸಿದ್ದು ಇವನಿಗೆ. ನಾನೂ ತಿರುಗಿಸಿದ್ದೆ."

ಮೊದಲು ತುದುರ್ ತಿರುಗಿದ, ಗೋಡೆಯ ಕಡೆಗೆ. ಆಮೇಲೆ ಅವನ ಪಕ್ಕದವನು. ಗಾಳಿ ಹೊಡೆದಾಗ ಪೈರು ಒಂದೇ ಕಡೆಗೆ ಬಾಗುವ ಹಾಗೆ ಅಂಗಳದುದ್ದಕ್ಕೂ ಬೆನ್ನುಗಳು ತಿರುಗುತ್ತ ಹೋದವು, ಹೆಂಗಸರದೂ, ಮಕ್ಕಳದೂ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ದಿಂಬಿನಿಂದ ತಲೆ ಎತ್ತಿದಳು. ಹೊಸಿಲ ಕಡೆ ನೋಡಿದಳು. ಅವಳ ಮುಖ, ಮದುವೆಯ ಹೊಸದರಲ್ಲಿ ಹೇಗಿದ್ದಿರಬಹುದೋ ಹಾಗಾಯಿತು.

"ತಿರುಗಿದ್ರು ಕಣೋ," ಅಂದಳು. "ಅಯ್ಯೋ, ಮುಖದ ತುಂಬ ಮಸಿ. ಒಂದು ಬಟ್ಟೆ ಒದ್ದೆ ಮಾಡಿ ಕೊಡು."

ಇಥೆಲ್ ಬಟ್ಟೆ ಒದ್ದೆ ಮಾಡಿ ತರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಅವಳ ಬಲಗೈಯ ಬೆರಳುಗಳಲ್ಲಿ, ಯಾರದೋ ಕೆನ್ನೆ ಒರೆಸಿದ ಹಾಗೆ, ಕಪ್ಪು ಹತ್ತಿತ್ತು.

ಗುಂಡಿಯನ್ನು ಅವನೇ ತೋಡಿದ. ಪೆಟ್ಟಿಗೆ ಹೊರುವುದಕ್ಕೆ ಹೆಗಲು ಸಿಗಲಿಲ್ಲ. ಗಣಿಯ ಹಳೆಯ ಕೈಗಾಡಿಯೊಂದನ್ನು ತಂದು, ಅದರ ಮೇಲೆ ಅವ್ವನನ್ನಿಟ್ಟು, ಮುಂದೆ ತಾನು ಎಳೆದ. ಹಿಂದಿನಿಂದ ಮಾಲೆನ್ ತಳ್ಳಿದಳು. ಊರು ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಬೆನ್ನು ತಿರುಗಿಸಬೇಕಾದರೆ ಎದುರಿಗೆ ಬಂದು ನಿಲ್ಲಲೇಬೇಕಲ್ಲ. ಮನೆಯಿಂದ ಚರ್ಚಿನವರೆಗೆ ದಾರಿಯ ಎರಡೂ ಕಡೆ ಗಂಡಸರು ಕರಿ ಕೋಟು ತೊಟ್ಟು, ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದರು. ಚಕ್ರದ ಕಿರಗುಟ್ಟುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಏಪ್ರಿಲ್ಲಿನ ಎಳೆ ಬಿಸಿಲು. ಆದರೂ ಗಾಡಿಯ ಸುತ್ತ ಹಿಮದ ವಾಸನೆಯಿತ್ತು.

ಚರ್ಚಿನ ಮುಂದಿನ ಏರಿನಲ್ಲಿ ಚಕ್ರ ಜಲ್ಲಿಯಲ್ಲಿ ಹೂತುಕೊಂಡಿತು. ಇಥೆಲ್ ಎಳೆದ. ಮಾಲೆನ್ ಒತ್ತಿದಳು. ಕದಲಲಿಲ್ಲ. ಎಡಕ್ಕೂ ಬಲಕ್ಕೂ ಕೈಯಳತೆಯಲ್ಲೇ ಬೆನ್ನುಗಳು.

"ಚಿಕ್ಕಪ್ಪ, ನಿನ್ನ ಅತ್ತಿಗೆ ಇವಳು," ಅಂದ ಇಥೆಲ್. ತುದುರ್‌ನ ಬೆನ್ನು ಸಣ್ಣಗೆ ನಡುಗಿತು. ತಿರುಗಲಿಲ್ಲ.

ಆಗ ಗಾಡಿ ಹಗುರಾಯಿತು. ಯಾರೋ ದಪ್ಪ ಆಳು ಹೆಗಲು ಕೊಟ್ಟ ಹಾಗೆ ಒಮ್ಮೆಲೇ ಮುಂದೆ ಜಿಗಿಯಿತು. ಇಥೆಲ್ ಹಿಂತಿರುಗಿ ನೋಡಿದ. ಮಾಲೆನ್ ಕೈಬಿಟ್ಟು, ಎರಡು ಹೆಜ್ಜೆ ಹಿಂದೆ ನಿಂತು, ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಿದ್ದಳು. ಗಾಡಿಯ ಹಿಂದಿನ ಹಲಗೆಯ ಮೇಲೆ ಎರಡು ಅಂಗೈ ಗುರುತು. ಹಸಿ ಸುಣ್ಣದವು.

"ಎಳಿಯೋ," ಅಂದಳು ಪಿಸುದನಿಯಲ್ಲಿ. "ನಿಲ್ಲಿಸ್ಬೇಡ."

ಅವ್ವನನ್ನು ಮೂಲೆಯಲ್ಲಿ ಇಳಿಸಿದರು. ಪಾದ್ರಿ ಓದಿದ. ಹಾಡುವವರಿರಲಿಲ್ಲ, ಮಾಲೆನ್ ಒಬ್ಬಳೇ ಹಾಡಿದಳು, ಒಡಕು ದನಿಯಲ್ಲಿ, ಕೊನೆಯವರೆಗೂ. ಮಣ್ಣು ಮುಚ್ಚಿದ ಮೇಲೆ ಇಥೆಲ್ ಗುದ್ದಲಿಗೆ ಆತು ನಿಂತು, "ನಡಿ ಅತ್ತೆ, ಮನೆಗೆ ಹೋಗೋಣ," ಅಂದ. ಚಿಕ್ಕವನಿದ್ದಾಗ, ಮುಷ್ಕರಕ್ಕೆ ಮುಂಚೆ, ಅವಳನ್ನು ಅವನು ಕರೆಯುತ್ತಿದ್ದದ್ದು ಹಾಗೆ.

ಇಬ್ಬರೂ ದಿಡ್ಡಿ ಬಾಗಿಲಿಗೆ ಬಂದಾಗ ಊರು ಚದುರುತ್ತಿತ್ತು. ಗಂಡಸರು ಗೋಡೆಯಿಂದ ಮುಖ ತಿರುಗಿಸಿ, ಟೋಪಿ ಹಾಕಿಕೊಂಡು, ಇಳಿಜಾರಿನ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಮನೆಗೆ ಹೊರಟಿದ್ದರು. ಪ್ರತಿಯೊಬ್ಬನ ಕರಿ ಕೋಟಿನ ಮೇಲೆ, ಎರಡು ಹೆಗಲಿನ ನಡುವೆ, ಒಂದು ಬಿಳಿ ಅಂಗೈ ಮೂಡಿತ್ತು. ದೊಡ್ಡ ಅಂಗೈ. ತಿರುಗು ಎಂದು ಯಾರೋ ಬೆನ್ನ ಮೇಲೆ ಕೈಯಿಟ್ಟು ಕರೆದ ಹಾಗೆ.

ಸಾಲಿನ ಕೊನೆಯಲ್ಲಿದ್ದ ತುದುರ್ ಮುಂದಿದ್ದವನ ಬೆನ್ನು ನೋಡಿ ನಿಂತುಬಿಟ್ಟ. ಅವನ ಮುಂದಿನವನೂ ನಿಂತ, ತನ್ನ ಮುಂದಿದ್ದವನನ್ನು ನೋಡಿ. ದಾರಿಯುದ್ದಕ್ಕೂ ಊರು ಕಲ್ಲಾಯಿತು. ಪ್ರತಿಯೊಬ್ಬನಿಗೂ ಕಂಡದ್ದು ಎದುರಿನವನ ಬೆನ್ನು. ತನ್ನದನ್ನು ಮುಟ್ಟಿ ನೋಡಿಕೊಳ್ಳಲು ಒಬ್ಬನಿಗೂ ಕೈ ಏಳಲಿಲ್ಲ.